ಸೋರಿದ್ದು ಬಂಬು, ಬೈಸಿಕೊಂಡದ್ದು ಕಾಲುವೆ

ಹೋದ ತಿಂಗಳು ಸಿಂಧನೂರಿಗೆ, ಮಗಳ ಮನೆಗೆ ಹೋಗಿದ್ದೆ. ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಬಿಳಿ ಗೀಸರಿನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಅಳಿಯ ಅದರ ಕೆಳಗೊಂದು ಪ್ಲಾಸ್ಟಿಕ್ ಬೋಗುಣಿ ಇಟ್ಟು, ದೊಡ್ಡದೊಂದು ಕೆಲಸ ಮುಗಿಸಿದವನ ಹಾಗೆ ಪೇಪರು ಓದುತ್ತ ಕುಳಿತಿದ್ದ.

"ಏನಪಾ, ಇದು ಯಾವಾಗಿಂದ ಸೋರಾಕತ್ತೈತಿ?" ಎಂದೆ.

"ಬೋಗಾಣಿ ಇಟ್ಟೀನಲ್ರೀ ಯಮ್ಮಾ. ತುಂಬಿದ್ರ ಚೆಲ್ಲಿದ್ರಾತು."

ಬೀಳುವ ನೀರಿಗೆ ಬೋಗುಣಿ ಇಡಬಹುದು. ಬೀಳದೆ ಗೋಡೆಯ ಬೆನ್ನು ಹಿಡಿದು ಇಳಿಯುವ ನೀರಿಗೆ ಏನು ಇಡುತ್ತೀರಿ? ಗೋಡೆಗೆ ಅಂಗೈ ಒತ್ತಿ ನೋಡಿದೆ, ಸುಣ್ಣ ಕೈಗೆ ಬಂತು. ಮೊದಲು ಕರೆಂಟು ಬಂದ್ ಮಾಡು, ಆಮೇಲೆ ನಲ್ಲಿಯವನನ್ನು ಕರೆಸು ಎಂದೆ. ಅವನಿಗೆ ಅದು ಮುದುಕಿಯ ಗೊಣಗಾಟ. ಇರಲಿ. ಬಿಸಿನೀರು ಸೋರಿದರೆ ಏನಾಗುತ್ತದೆ ಎಂಬುದನ್ನು ನಾನು ಓದಿ ತಿಳಿದವಳಲ್ಲ, ಓದು ನನಗೆ ಅಷ್ಟಕ್ಕಷ್ಟೆ. ಅಂಗಾಲಿನಿಂದ ತಿಳಿದವಳು.

ನಮ್ಮ ಕಾಲದ ಗೀಸರು ಬಂಬು. ನೋಡದವರಿಗೆ ಹೇಳುತ್ತೇನೆ. ಮೂರು ಕಾಲಿನ ತಾಮ್ರದ ದೊಡ್ಡ ಡ್ರಮ್ಮು, ನಡುವೆ ಮೇಲಿನಿಂದ ಕೆಳಗಿನ ತನಕ ಒಂದು ಕೊಳವೆ. ಕೊಳವೆಯೊಳಗೆ ಬೆಂಕಿ, ಅದರ ಸುತ್ತ ನೀರು. ಮೇಲೆ ತಣ್ಣೀರು ಸುರಿಯುವುದು, ಕೆಳಗೆ ಹಿತ್ತಾಳೆಯ ನಲ್ಲಿ ತಿರುವಿ ಬಿಸಿನೀರು ಹಿಡಿಯುವುದು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಹೊರಗೆ ಫಳಫಳ ಹೊಳೆಯುತ್ತ ನಿಲ್ಲುವ ಸಾಮಾನು ಅದು. ಅಂಥ ಹೆಂಗಸರನ್ನೂ ಕಂಡಿದ್ದೇನೆ, ಆ ಮಾತು ಬೇರೆ.

ಮಸ್ಕಿಯಲ್ಲಿ ನಾನು ಬೆಳೆಯುವಾಗ ಬಿಸಿನೀರು ಎಂದರೆ ಬಾಣಂತಿಯರಿಗೆ, ಬಿಟ್ಟರೆ ದೀಪಾವಳಿಗೆ. ನಮಗೆ ಹಳ್ಳವಿತ್ತು. ಬೇಸಿಗೆಯಲ್ಲಿ ಹಳ್ಳದ ಉಸುಕು ತೋಡಿ, ಬಸಿದು ಬಂದ ನೀರನ್ನು ತಂಬಿಗೆಯಲ್ಲಿ ಮೊಗೆದು ಮೈಮೇಲೆ ಹಾಕಿಕೊಂಡರೆ ಅದೇ ಸ್ನಾನ. ಅವ್ವ ಒಂದು ಒರಟು ಕಲ್ಲಿನಿಂದ ನಮ್ಮ ಬೆನ್ನು ತಿಕ್ಕುತ್ತಿದ್ದಳು. ಎತ್ತುಗಳಿಗೂ ಅದೇ ಕಲ್ಲು. ಊರ ಗುಡ್ಡದ ಮೇಲೆ ಯಾವನೋ ರಾಜ ಬರೆಸಿದ ಅಕ್ಷರಗಳಿವೆ ಎಂದು ದೂರದಿಂದ ಜನ ಬಂದು ನೋಡಿ ಹೋಗುತ್ತಿದ್ದರು. ನಾವು ಅದರ ಆಚೆಯ ಬಂಡೆಯಿಂದ ಜಾರುತ್ತಿದ್ದೆವು. ಲಂಗದ ಹಿಂಭಾಗ ಹರಿದದ್ದಕ್ಕೆ ಅವ್ವ ಹೊಡೆದದ್ದು ನೆನಪಿದೆ. ರಾಜ ಏನು ಬರೆಸಿದ್ದನೋ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಜವಳಗೇರಾಕ್ಕೆ ಕೊಟ್ಟಾಗ ಅಪ್ಪನಿಗೆ ಒಂದು ಚಿಂತೆ ಹತ್ತಿತು. "ಕಾಲುವಿ ಊರಿಗೆ ಮಗಳನ್ನ ಕೊಡಾಕತ್ತೀವಿ. ನೀರಿಗೆ ಬರ ಇಲ್ಲದ ಮಂದಿ. ಬರೇ ತಂಬಿಗಿ ಕೊಟ್ರ ನಗ್ತಾರ," ಎಂದು ಲಿಂಗಸುಗೂರಿನ ತನಕ ಹೋಗಿ ತಾಮ್ರದವರ ಹತ್ತಿರ ಬಂಬು ತಂದ. ಗಾಡಿಯಲ್ಲಿ ಮುಂದೆ ಬಂಬು, ಅದಕ್ಕೆ ಹುಲ್ಲಿನ ಮೆತ್ತೆ. ಹಿಂದೆ ನಾನು, ನನಗೆ ಬರೀ ಹಲಗೆ. ಜವಳಗೇರಾದಲ್ಲಿ ನಮ್ಮತ್ತೆ ಆರತಿ ತಂದವಳು ಮೊದಲು ನೋಡಿದ್ದು ಬಂಬಿನ ಮುಖವನ್ನು. ನೋಡಿ ತಲೆಯಾಡಿಸಿದಳು. ಆಮೇಲೆ ನನ್ನನ್ನು ನೋಡಿದಳು. ತಲೆಯಾಡಿಸಲಿಲ್ಲ.

ನಮ್ಮತ್ತೆಯ ಹೆಸರು ಈರಮ್ಮ. ಒಣಕಲು ಮೈ, ಗಟ್ಟಿ ದನಿ. ಬಂಬು ಬಂದ ದಿನದಿಂದ ಅದು ಅವಳದೇ ಆಯಿತು. ನೀರು ತುಂಬುವುದು, ಬೆಂಕಿ ಹಚ್ಚುವುದು ನನ್ನ ಪಾಲು. ಬೆಳಗುವುದು ಅವಳ ಪಾಲು. ದಿನಾ ಮಧ್ಯಾಹ್ನ ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಹಿಡಿದು ಕೂತು, ತಳದ ಬೆಸುಗೆಯ ಸಂದಿಯಲ್ಲಿ ಹಸಿರು ಕಿಲುಬು ಕಂಡರೆ ಉಗುರಿನಿಂದಲೂ ಕೆರೆಯುತ್ತಿದ್ದಳು. ಓಣಿಯ ಹೆಂಗಸರು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡು ಹೋಗುತ್ತಿದ್ದರು.

ಈಗ ಮನೆಯ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಪಡಸಾಲೆಗೆ ಹೊಂದಿ ಬಚ್ಚಲು, ನಡುವೆ ಒಂದೇ ಗೋಡೆ. ಆ ಗೋಡೆಗೆ ಬೆನ್ನು ಹಚ್ಚಿ ಬಂಬನ್ನು ನಿಲ್ಲಿಸಿದ್ದರು, ಓಣಿಗೆ ಅದರ ಮುಖ ಚೆನ್ನಾಗಿ ಕಾಣಲಿ ಎಂದು. ಗೋಡೆಯ ಈಚೆ, ಪಡಸಾಲೆಯ ನೆಲದ ಅಡಿಯಲ್ಲಿ, ನಮ್ಮ ಹಗೇವು. ಹಗೇವೆಂದರೆ ಜೋಳ ಹೂಳುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಜೋಳದ ದಂಟಿನ ಮೆತ್ತೆ ಕಟ್ಟಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಗಾಳಿ ಆಡುವುದಿಲ್ಲ, ಹುಳ ಹತ್ತುವುದಿಲ್ಲ.

ನಾನು ಹೇಳುವ ವರ್ಷ ಹಗೇವಿನಲ್ಲಿದ್ದದ್ದು ನಮ್ಮ ಹೊಲದ ಕೊನೆಯ ಜೋಳ. ಕಾಲುವೆ ಬಂದಿತ್ತು. ಕಾಲುವೆಯ ಹಿಂದೆ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗರನ್ನು ನೋಡಿ ನಮ್ಮ ಮಾವ ಹೊಲವನ್ನೆಲ್ಲ ಮಟ್ಟ ಮಾಡಿಸಿ ಭತ್ತಕ್ಕೆ ಹಾಕಿದ್ದರು. ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ನಮ್ಮತ್ತೆ ಅನ್ನ ಮುಟ್ಟುತ್ತಿರಲಿಲ್ಲ. ಜೋಳ ಕೊಂಡು ತಿನ್ನುವುದಂತೂ ಅವಳಿಗೆ ಸಾವು. "ನಾ ಈ ಮನಿಗೆ ಬಂದಾಗಿಂದ ಪ್ಯಾಟಿ ಜ್ವಾಳ ಹೊಸ್ತಿಲ ದಾಟಿಲ್ಲ," ಎನ್ನುತ್ತಿದ್ದಳು. ಅವಳ ರೊಟ್ಟಿಯೆಲ್ಲ ಆ ಚಪ್ಪಡಿಯ ಕೆಳಗಿತ್ತು. ಇನ್ನೊಮ್ಮೆ ಬಿತ್ತಬೇಕೆಂದರೆ ಬೀಜವೂ ಅಲ್ಲೇ ಇತ್ತು.

ಬೇಸಿಗೆ, ಭತ್ತದ ರಾಶಿಯ ದಿನಗಳು. ಭತ್ತ ಬಡಿದ ಮೈಗೆ ತುರಿಕೆ, ತುರಿಕೆಗೆ ಬಿಸಿನೀರು. ಹಬ್ಬಕ್ಕೊಮ್ಮೆ ಉರಿಯುತ್ತಿದ್ದ ಬಂಬು ಹೊತ್ತು ಹುಟ್ಟುವಾಗ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ಉರಿಯತೊಡಗಿತು. ಒಂದು ದಿನ ಮಾವ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತವರು ಧೋತರದ ಹಿಂಭಾಗ ಮುಟ್ಟಿಕೊಂಡರು. ನೆಲ ತೇವವಾಗಿತ್ತು. ಹಗೇವಿನ ಬಾಯಿಯ ಮಣ್ಣೂ ಕಪ್ಪಗಾಗಿತ್ತು.

"ಬಂತು," ಎಂದರು ಮಾವ. "ಕಾಲುವಿ ಮನಿಯೊಳಗ ಬಂತು."

ನೀವು ನಗಬೇಡಿ. ಆಗ ನಮ್ಮ ಕಡೆ ಏನೇ ಆದರೂ ಅದು ಕಾಲುವೆಯದು. ಸೊಳ್ಳೆ ಕಾಲುವೆಯದು, ಹಲ್ಲುನೋವು ಕಾಲುವೆಯದು, ಮಗ ಎದುರು ಮಾತಾಡಿದರೆ ಅದೂ ಕಾಲುವೆಯದೇ. ಪೂರ್ತಿ ಸುಳ್ಳೂ ಅಲ್ಲ. ಗೊರೇಬಾಳದ ಕಡೆ ತಗ್ಗಿನ ಹೊಲಗಳಲ್ಲಿ ಉಪ್ಪಿನ ಸವಳು ಬಿಳಿಯಾಗಿ ಮೇಲೆದ್ದಿತ್ತು. ದಢೇಸುಗೂರಿನಲ್ಲಿ ಯಾರೋ ಹಗೇವು ತೆರೆದರೆ ಜೋಳದ ಬದಲು ಕೊಡ ಇಳಿಸಿ ನೀರು ಸೇದಿದರಂತೆ ಎಂದು ಸುದ್ದಿ. ಹಾಗಾಗಿ ನಮ್ಮ ಪಡಸಾಲೆ ನೋಡಲು ಊರೇ ಬಂತು. ಬಂದವರೆಲ್ಲ ಬಗ್ಗಿ ಮಣ್ಣು ಮುಟ್ಟಿ, ಬೆರಳು ಮೂಸಿ, "ಕಾಲುವಿದ ನೀರು," ಎಂದು ಹೇಳಿ ಹೋದರು. ಪಕ್ಕದ ಮನೆಯ ದುರುಗಮ್ಮ ಮನೆಗೆ ಹೋದವಳೇ ತನ್ನ ಹಗೇವು ತೆಗೆಸಿ ಜೋಳವನ್ನು ಮಾಳಿಗೆಗೆ ಹಾಕಿಸಿದಳು. ಅದನ್ನು ನೋಡಿ ಅವಳ ಪಕ್ಕದವರು. ಎರಡು ದಿನದಲ್ಲಿ ನಮ್ಮ ಓಣಿಯ ಮಾಳಿಗೆಗಳ ಮೇಲೆ ಜೋಳವೋ ಜೋಳ, ಗುಬ್ಬಿಗಳಿಗೆ ಹಬ್ಬ. ಯಾರ ಹಗೇವಿನಲ್ಲೂ ಹನಿ ನೀರಿರಲಿಲ್ಲ. ತೆಗೆಯದೆ ಉಳಿದದ್ದು ನಮ್ಮದೊಂದೇ, ಏಕೆಂದರೆ ಮಾವನಿಗೆ ಜೋಳಕ್ಕಿಂತ ಜಗಳ ಮುಖ್ಯವಾಗಿತ್ತು. ಮೊದಲು ಕಾಲುವೆಯವರು ಬಂದು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದು ನೀರಗಂಟಿಯನ್ನು ಕರೆತಂದರು.

ನೀರಗಂಟಿ ಎಂದರೆ ಹೊಲಗಳಿಗೆ ಕಾಲುವೆಯ ನೀರು ಬಿಡುವವನು. ಬೀಡಿ ಸೇದುತ್ತ ಬಂದ, ನೋಡಿದ.

"ಗೌಡ್ರೇ, ಕಾಲುವಿ ಬಂದ್ ಆಗಿ ಎಷ್ಟೋ ದಿನ ಆತು. ಕಾಲುವ್ಯಾಗ ಹುಡುಗ್ರು ಚಿಣಿಫಣಿ ಆಡಾಕತ್ಯಾರ. ಅಲ್ಲಿಲ್ಲದ ನೀರು ನಿಮ್ಮ ಪಡಸಾಲ್ಯಾಗ ಹ್ಯಾಂಗ ಬರ್ತೈತಿ?"

"ನೆಲದಾಗ ನಿಂತಿರತೈತಿ. ನಿನಗೇನ ಗೊತ್ತು?"

"ಹೌದು ಬಿಡ್ರಿ. ನನಗೇನ ಗೊತ್ತು," ಎಂದು ಚಹಾ ಕುಡಿದು ಹೋದ.

ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಬಂಬಿಗೆ ಹತ್ತಿಕಟ್ಟಿಗೆ ತುರುಕಿ, ಉರಿ ಹತ್ತಿಸಿ, ನೀರು ಕಾದ ಮೇಲೆ ಕೊಡ ತರಲೆಂದು ಬರಿಗಾಲಲ್ಲಿ ಪಡಸಾಲೆ ದಾಟುತ್ತಿದ್ದೆ. ತೇವದ ನೆಲದ ಮೇಲೆ ಕಾಲಿಟ್ಟವಳು ನಿಂತೆ. ನೆಲ ಬೆಚ್ಚಗಿತ್ತು. ಕೂಸು ಉಚ್ಚೆ ಹೊಯ್ದ ಹಾಸಿಗೆಯ ಹಾಗೆ. ಕಾಲುವೆಗೆ ಯಾರು ಉರಿ ಹಾಕುತ್ತಾರೆ?

ಅತ್ತೆಗೆ ಹೇಳಿದೆ. "ಇದು ಬಂಬಿಂದು. ಬಂಬು ಸೋರಾಕತ್ತೈತಿ."

ಬೇರೆ ಅತ್ತೆಯಾಗಿದ್ದರೆ ಸೊಸೆಯ ತವರಿನ ಸಾಮಾನು ಸೋರುತ್ತದೆ ಎಂದ ಕೂಡಲೇ ಸಕ್ಕರೆ ಹಂಚುತ್ತಿದ್ದಳು. ನಮ್ಮತ್ತೆ ಉರಿದೆದ್ದಳು. "ನಿಮ್ಮಪ್ಪ ಕೊಟ್ಟ ಬಂಬಿಗೆ ನೀನ ಕೆಟ್ಟ ಹೆಸರಿಡ್ತಿಯೇನಬೇ? ಬಂಗಾರದಂಥಾ ಬಂಬು. ದಿನಾ ಬೆಳಗ್ತೀನಿ, ಒಂದ ಹನಿ ಕಂಡಿಲ್ಲ ನನಗ."

"ನೀವು ಬೆಳಗೂದು ಮಧ್ಯಾಹ್ನ. ಆವಾಗ ಅದು ತಣ್ಣಗಿರತೈತಿ. ಉರಿ ಇದ್ದಾಗ ನೋಡ್ರಿ."

"ನನಗ ಕಲಿಸಾಕ ಬರಬ್ಯಾಡ."

ವಾದ ಮಾಡುವುದು ನನಗೆ ಬರುವುದಿಲ್ಲ, ಅದಕ್ಕೆ ತಾಳ್ಮೆ ಬೇಕು. ಸಂಜೆ ಬಂಬಿಗೆ ಉರಿ ಹಾಕುವ ಮುಂಚೆ ಒಲೆಯಿಂದ ಒಣ ಬೂದಿ ತಂದು ಅದರ ತಳದ ಸುತ್ತ, ಗೋಡೆಯ ಕಡೆಗೂ ಕೈ ತೂರಿಸಿ, ದಪ್ಪಗೆ ಹರಡಿದೆ. ನೀರು ಕಾಯುವ ಹೊತ್ತಿಗೆ ಅತ್ತೆಯನ್ನು ಕರೆದೆ. ಮುಂದಿನ ಬೂದಿ ಬೆಳ್ಳಗಿತ್ತು. ಗೋಡೆಯ ಕಡೆಯದು ಕಪ್ಪು ರಾಡಿಯಾಗಿ, ಬಚ್ಚಲ ಕಲ್ಲಿನ ಸಂದಿಯಲ್ಲಿ ಗೆರೆ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡು, ಕಾದಾಗ ಬಾಯಿ ಬಿಡುವ ಬೆಸುಗೆ. ಹುಣಸೆಹಣ್ಣು, ಇಟ್ಟಂಗಿ ಪುಡಿ, ಉಗುರು ಎಲ್ಲ ಕೂಡಿ ಅದನ್ನು ಸವೆಸಿದ್ದವು. ಹೊಳೆಯುವ ಮುಖವನ್ನು ಇಡೀ ಊರು ನೋಡಿತ್ತು, ಬೆನ್ನನ್ನು ಯಾರೂ ನೋಡಿರಲಿಲ್ಲ.

ಅತ್ತೆ ಬಗ್ಗಿ ರಾಡಿಗೆ ಬೆರಳು ಅದ್ದಿ ನೋಡಿದಳು. ಆಮೇಲೆ ಅಂದಳು, "ಕಾಲುವಿದೂ ಒಂದೀಟು ತಪ್ಪಿರಬೇಕು."

ಅಷ್ಟಕ್ಕೆ ಮುಗಿಯಲಿಲ್ಲ. ಬಂಬು ಹಚ್ಚುವುದು ಬಿಡಿ, ಹಗೇವು ತೆಗೆಯಿರಿ ಎಂದೆ. ಮಾವ ಪಂಚಾಂಗದವರನ್ನು ಕೇಳಿ ಬಂದು, ಅಮಾವಾಸ್ಯೆ ಕಳೆಯುವ ತನಕ ಧಾನ್ಯದ ಬಾಯಿ ತೆರೆಯಬಾರದು ಎಂದರು. ಕಾಲುವೆಯಲ್ಲ ಬಂಬು ಎಂದು ಒಪ್ಪಿಕೊಳ್ಳಬೇಕಾಗಿ ಬಂದ ಸಿಟ್ಟು ಬೇರೆ. ನನ್ನ ಗಂಡ ಒಳ್ಳೆಯ ಮನುಷ್ಯ, ಎಲ್ಲರಿಗೂ ಸಮಾಧಾನ ಮಾಡಬೇಕು ಅವನಿಗೆ. "ಸುಣ್ಣಾ ಬೆಲ್ಲಾ ಹಚ್ಚಿದ್ರಾತು, ಲಿಂಗಸುಗೂರಿಗೆ ಯಾಕ ಒಯ್ಯೋದು?" ಎಂದ. ನಮ್ಮ ಕಡೆ ತೂತಾದ ಕೊಡಕ್ಕೆ ಸುಣ್ಣ, ಬೆಲ್ಲ, ಹತ್ತಿ ಕುಟ್ಟಿ ಹಚ್ಚುವುದು ರೂಢಿ. ಕೊಡಕ್ಕೆ ಅದು ಗಟ್ಟಿ, ಕಲ್ಲಿನಂತೆ ಕೂರುತ್ತದೆ. ಆದರೆ ಕೊಡದ ಕೆಳಗೆ ಯಾರೂ ಬೆಂಕಿ ಇಡುವುದಿಲ್ಲ. ಬಂಬಿಗೆ ಹಚ್ಚಿದ, ತಣ್ಣೀರು ತುಂಬಿದ, ಹನಿ ಸೋರಲಿಲ್ಲ. ಅತ್ತೆ ನನ್ನ ಕಡೆ ನೋಡಿದಳು. ಉರಿ ಹಾಕಿದೆವು. ಬೆಲ್ಲ ಕರಗಿ ಪಾಕವಾಗಿ, ಸುಣ್ಣದ ನೀರಿನ ಜೊತೆ ಗೋಡೆಯ ಬುಡಕ್ಕೆ ಇಳಿಯಿತು. ಬೆಳಗಾಗುವುದರೊಳಗೆ ಇರುವೆಗಳಿಗೆ ಖಬರು ಹೋಗಿತ್ತು. ಕೆಂಪಿರುವೆಯ ಸಾಲು ಅಂಗಳದಿಂದ ಬಂದು ಪಡಸಾಲೆ ದಾಟಿ, ಹಗೇವಿನ ಬಾಯಿಯ ಸುತ್ತ ಒಂದು ಸುತ್ತು ಹಾಕಿ, ಗೋಡೆಯ ಬುಡಕ್ಕೆ ಹೋಗುತ್ತಿತ್ತು.

ಅತ್ತೆ ಇರುವೆಗಳನ್ನು ನೋಡಿದಳು. ಬಗ್ಗಿ ಹಗೇವಿನ ಬಾಯಿಗೆ ಮೂಗು ಇಟ್ಟಳು. ಎದ್ದವಳ ಮುಖ ಬೇರೆಯಾಗಿತ್ತು.

"ಸಲಿಕಿ ತಾ," ಎಂದಳು ನನಗೆ.

"ಏನ ಮಾಡ್ತಿ?" ಮಾವ ಎದ್ದು ಬಂದರು. "ನಾಳಿಗೆ ಅಮಾಸಿ ಐತಿ. ಕಳೀಲಿ ಅಂತ ಹೇಳಿಲ್ಲೇನು?"

"ಅಮಾಸಿ ಐತಿ ಅಂತ ಜ್ವಾಳಕ್ಕ ಯಾರ ಹೇಳ್ಯಾರ? ಅದು ಇವತ್ತ ಕೊಳೀತೈತಿ."

"ಕೆಟ್ಟದ್ದಾದ್ರ?"

"ಆಗೇತಲ್ಲ. ಇನ್ನೇನ ಆಗೂದೈತಿ? ಸರೀರಿ ಅತ್ಲಾಗ."

ಸಲಿಕೆ ತಂದುಕೊಟ್ಟೆ. ಮೆತ್ತಿದ ಮಣ್ಣನ್ನು ಅವಳೇ ಕೆದರಿದಳು. ಚಪ್ಪಡಿಯನ್ನು ನನ್ನ ಗಂಡ ಎತ್ತಿದ. ಹಗೇವು ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಬಾಯಿ ತೆರೆದಿಟ್ಟು ಮಧ್ಯಾಹ್ನದ ತನಕ ಕಾದು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಮತ್ತೆ ಕಾಯಬೇಕು. ಅಷ್ಟು ಹೊತ್ತೂ ಅತ್ತೆ ಬಾಯಿಯ ಪಕ್ಕದಲ್ಲೇ ಕುಳಿತಿದ್ದಳು. ಅವತ್ತು ಬಂಬು ಬೆಳಗಲಿಲ್ಲ.

ಕಂದೀಲು ಆರಲಿಲ್ಲ. ನನ್ನ ಗಂಡ ಇಳಿದ. ಮೊದಲ ಬುಟ್ಟಿ ಮೇಲೆ ಬಂದಾಗ ಅತ್ತೆ ಕೈ ಹಾಕಿ ಜೋಳ ತೆಗೆದು ಹಲ್ಲಿನಲ್ಲಿ ಕಡಿದಳು. ಕಟ್ ಎಂದಿತು. ಹೀಗೆ ಕೆಲವು ಬುಟ್ಟಿ. ಆಮೇಲಿನದು ಮುಗ್ಗು ವಾಸನೆ. ಬಚ್ಚಲ ಗೋಡೆಯ ಕಡೆಯದು ಕಪ್ಪಗೆ, ಬಿಸಿಯಾಗಿ, ಒಂದಕ್ಕೊಂದು ಅಂಟಿ ಹೆಂಟೆಹೆಂಟೆಯಾಗಿ ಬಂತು. ಅದನ್ನು ಎಮ್ಮೆಯ ಮುಂದೆ ಹಾಕಿದರೆ ಮೂಸಿ, ನಮ್ಮ ಮುಖ ನೋಡಿ, ಆಚೆ ತಿರುಗಿ ನಿಂತಿತು. ತಿಪ್ಪೆಗೆ ಹಾಕಿದೆವು. ಉಳಿದದ್ದರಲ್ಲಿ ಮುಗ್ಗಿದ್ದೇ ಹೆಚ್ಚು, ಚೆನ್ನಾಗಿದ್ದದ್ದು ಮೊದಲು ಬಂದ ನಡುವಿನ ಒಂದಿಷ್ಟು.

ಬಂಬು ಲಿಂಗಸುಗೂರಿಗೆ ಹೋಗಿ ಹೊಸ ಬೆಸುಗೆ ಹಾಕಿಸಿಕೊಂಡು ಬಂತು. ಈ ಸಲ ಅದನ್ನು ಎಲ್ಲಿ ಇಡಬೇಕೆಂದು ನಾನು ಹೇಳಿದೆ, ಯಾರೂ ಬೇಡ ಅನ್ನಲಿಲ್ಲ. ಹಿತ್ತಿಲಲ್ಲಿ, ಮನೆಯ ಗೋಡೆಯಿಂದ ದೂರ, ಹೊರಗೆ ಇಳಿಜಾರಾದ ಹಾಸುಗಲ್ಲಿನ ಮೇಲೆ. ಸೋರಿದರೆ ತೆಂಗಿನ ಬುಡಕ್ಕೆ ಹೋಗಲಿ. ಬೆನ್ನ ಹಿಂದೆ ಕೈಯಾಡುವಷ್ಟು ಜಾಗ. ಉರಿ ಇರುವಾಗಲೇ ವಾರಕ್ಕೊಮ್ಮೆ ತಳದಲ್ಲಿ ಬೂದಿ. ಬೆಸುಗೆಗೆ ಹುಣಸೆಹಣ್ಣು ಮುಟ್ಟಿಸುವಂತಿಲ್ಲ, ಕಿಲುಬಿದ್ದರೆ ಇರಲಿ. ಇಷ್ಟು ಮಾಡಿದರೆ ಬಂಬು ನಿಮ್ಮ ಮನೆ ಕೆಡಿಸುವುದಿಲ್ಲ. ಗೀಸರಿಗೂ ಇದೇ ಮಾತು, ಬೂದಿಯ ಬದಲು ಪೇಪರು ಹಾಸಿ ನೋಡಿ. ಅಳಿಯ ಓದಿ ಮುಗಿಸಿದ್ದು ಸಾಕು.

ಚೆನ್ನಾಗಿದ್ದ ಜೋಳವನ್ನು ಅತ್ತೆ ಮಾಳಿಗೆಯಲ್ಲಿ ಒಣಗಿಸಿದಳು. ಒಂದು ಹಿಡಿ ತೆಗೆದು ಒದ್ದೆ ಅರಿವೆಯಲ್ಲಿ ಕಟ್ಟಿ ಒಲೆಯ ಹಿಂದಿಟ್ಟಳು. ಕಾಳಿಗೆ ಜೀವ ಇದೆಯೋ ಇಲ್ಲವೋ ನೋಡುವ ಬಗೆ ಅದು, ಹಗೇವಿನಲ್ಲಿ ಬಹಳ ದಿನ ಇದ್ದದ್ದು ಒಮ್ಮೊಮ್ಮೆ ಮೊಳಕೆ ಬಿಡುವುದಿಲ್ಲ. ಗಂಟು ಬಿಚ್ಚುವಾಗ ನನ್ನನ್ನು ಕರೆಯಲಿಲ್ಲ, ನಾನೇ ಹೋಗಿ ನಿಂತೆ. ಅರ್ಧಕ್ಕಿಂತ ಹೆಚ್ಚು ಬಿಳಿ ಬಾಲ ಬಿಟ್ಟಿದ್ದವು.

"ಇದನ್ನ ಯಾರೂ ಮುಟ್ಟಬ್ಯಾಡ್ರಿ, ಬೀಜಕ್ಕ," ಎಂದಳು. "ದಿನ್ನಿ ಮ್ಯಾಲ ಬಿತ್ತೂದು."

ನಮ್ಮ ಹೊಲದ ಮೂಲೆಯಲ್ಲಿ ಒಂದು ದಿನ್ನೆ, ಕಾಲುವೆಯ ನೀರು ಹತ್ತದ ಜಾಗ. ಮಾವ ಅದನ್ನೂ ಕಡಿದು ಮಟ್ಟ ಮಾಡಿ ಭತ್ತ ಹಾಕುವವರಿದ್ದರು. "ಅದಕ್ಕೂ ನೀರು ಹತ್ತಸ್ತೀನಿ ತಡಿ," ಎಂದರು.

"ಹತ್ತಸ್ರಿ. ನನ್ನ ಹೊಟ್ಟಿಗೆ ಕಾಲುವಿ ಹತ್ತೂದಿಲ್ಲ."

ದಿನ್ನೆ ಉಳಿಯಿತು. ಮಳೆ ನಿಂತು ಹಿಂಗಾರಿಯಲ್ಲಿ ಬಿತ್ತಿದರು. ಆ ತನಕ, ಆಮೇಲೂ, ಅತ್ತೆ ತಿಂದದ್ದು ಮುಗ್ಗಿದ ಜೋಳ. ಎಷ್ಟು ತೊಳೆದರೂ, ಎಷ್ಟು ಒಣಗಿಸಿದರೂ ರೊಟ್ಟಿ ಬಡಿಯುವಾಗ ಹಳೆಯ ಗೋಣಿಚೀಲದ ವಾಸನೆ ಏಳುತ್ತಿತ್ತು. ನಾವೆಲ್ಲ ಅನ್ನ ಉಣ್ಣುತ್ತಿದ್ದೆವು. ಅವಳು ಮಾತ್ರ ಅದನ್ನು ಮುರಿದು, ಖಾರದ ಹಿಂಡಿ ಹಚ್ಚಿಕೊಂಡು, ಮುಖ ಸಿಂಡರಿಸದೆ ನುಂಗುತ್ತಿದ್ದಳು. ಒಮ್ಮೆ ದುರುಗಮ್ಮ ತನ್ನ ಮನೆಯ ಚಲೋ ಜೋಳ ಒಂದು ಮೊರ ತಂದಳು. ಅತ್ತೆ, "ನಿಂದು ಗುಬ್ಬಿ ಎಂಜಲ," ಎಂದು ವಾಪಸು ಕಳಿಸಿದಳು.

ದಿನ್ನೆಯ ಮೇಲೆ ತೆನೆ ಹಾಲುಗಟ್ಟುವ ಹೊತ್ತಿಗೆ ಮನೆಯ ಮುಗ್ಗು ಜೋಳ ತೀರಿತು. ಅವತ್ತು ಗಂಗಾಳದಲ್ಲಿ ಅನ್ನ ಬಡಿಸಿ ಅವಳ ಮುಂದೆ ಇಟ್ಟೆ. ಬೈಯುತ್ತಾಳೆ ಎಂದು ಗೊತ್ತಿತ್ತು, ಆದರೂ ಇಟ್ಟೆ.

"ಇದೇನಬೇ?"

"ಅನ್ನ."

"ಯಾರಿಗೆ ಆರಾಮಿಲ್ಲ?"

ಅವಳ ಲೆಕ್ಕದಲ್ಲಿ ಅನ್ನ ಜ್ವರ ಬಂದವರ ಊಟ. "ಜ್ವಾಳ ತೀರೈತಿ. ತೆನಿ ಇನ್ನಾ ಹಸಿ ಅದಾವ," ಎಂದೆ. "ಸಿಂಧನೂರು ಸಂತ್ಯಾಗ ಒಂದೀಟು ತರಿಸಲೇನು?"

"ಬ್ಯಾಡ."

ಬೆರಳಿನಿಂದ ಅನ್ನವನ್ನು ಈ ಕಡೆ ಆ ಕಡೆ ಸರಿಸಿದಳು, ಹುಳ ಹುಡುಕುವವರ ಹಾಗೆ. ಹೊರಗೆ ಮಾವ ಕೆಮ್ಮುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು.

"ಸಾರು ಹಾಕು," ಎಂದು ಗಂಗಾಳ ಹತ್ತಿರ ಎಳೆದುಕೊಂಡಳು. "ತೆನಿ ಬಲಿಯೋ ತನಕಾ ನನಗ ಬೀಮಾರಿ ಐತಿ ಅಂತ ತಿಳಕೋ."